ಚಳಿಗಾಲಕ್ಕೆ ಕಾರಿಗೆ ಯಾವ ಟೈರ್, ಯಾವ ಸಿದ್ಧತೆ: ಒಂಟಾರಿಯೊದ ಕನ್ನಡಿಗರಿಗೊಂದು ಹೋಲಿಕೆ

ಕೆನಡಾಕ್ಕೆ ಬಂದ ಮೊದಲ ವರ್ಷದ ನವೆಂಬರ್ ಕೊನೆಯಲ್ಲಿ, ಒಂದು ಬೆಳಿಗ್ಗೆ, ಮನೆಯ ಹತ್ತಿರದ ಸಣ್ಣ ಇಳಿಜಾರಿನಲ್ಲಿ ನಾನು ಬ್ರೇಕ್ ಒತ್ತಿದೆ, ಕಾರು ನಿಲ್ಲಲಿಲ್ಲ. ವೇಗ ಗಂಟೆಗೆ 20 ಕಿಲೋಮೀಟರ್ ಕೂಡ ಇರಲಿಲ್ಲ. ರಸ್ತೆಯ ಮೇಲೆ ಹಿಮವೂ ಬಿದ್ದಿರಲಿಲ್ಲ. ರಾತ್ರಿ ಹನಿದ ತುಂತುರು ಮಳೆ ತೆಳ್ಳಗೆ ಹೆಪ್ಪುಗಟ್ಟಿ, ಡಾಂಬರಿನ ಬಣ್ಣದಲ್ಲಿಯೇ ಸೇರಿಹೋಗಿತ್ತು. ಪಾದದಡಿಯಲ್ಲಿ ಪೆಡಲ್ ಗಡಗಡನೆ ನಡುಗುತ್ತಿತ್ತು, ಸ್ಟೀರಿಂಗ್ ಕೈಯಲ್ಲಿ ಹಗುರಾಗಿಬಿಟ್ಟಿತ್ತು, ಕಾರು ನಿಧಾನವಾಗಿ ಜಾರಿ ಸ್ಟಾಪ್ ಗೆರೆಯನ್ನು ದಾಟಿ ಅಡ್ಡರಸ್ತೆಯ ನಡುವೆ ಹೋಗಿ ನಿಂತಿತು. ಆ ಹೊತ್ತಿನಲ್ಲಿ ಅಲ್ಲಿ ಬೇರೆ ಗಾಡಿ ಬಾರದಿದ್ದುದು ನನ್ನ ಪುಣ್ಯ. ಕಾರು ಮಾರಿದವರು ಅದಕ್ಕೆ ಆಲ್-ಸೀಸನ್ ಟೈರ್ ಇದೆ, ಎಲ್ಲ ಕಾಲಕ್ಕೂ ಸಾಕು ಎಂದಿದ್ದರು. ಹೆಸರೇ ಹಾಗಿರುವಾಗ ಅನುಮಾನಪಡಲು ನನಗೂ ಕಾರಣ ತೋರಿರಲಿಲ್ಲ.

ಟೊರೊಂಟೊ, ಮಿಸ್ಸಿಸ್ಸಾಗ, ಬ್ರ್ಯಾಂಪ್ಟನ್, ವಾಟರ್‌ಲೂ, ಆಟವಾ ಕಡೆಗಳಲ್ಲಿ ಹೊಸದಾಗಿ ನೆಲೆಸಿ ಮೊದಲ ಚಳಿಗಾಲಕ್ಕೆ ಕಾರನ್ನು ಅಣಿಗೊಳಿಸುತ್ತಿರುವ ನಮ್ಮವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಕೆಲವೇ ಕೆಲವು: ಯಾವ ಟೈರ್ ತೆಗೆದುಕೊಳ್ಳಬೇಕು, ಆಲ್-ವೀಲ್ ಡ್ರೈವ್ ಇದ್ದರೆ ಸಾಲದೆ, ಬ್ಲಾಕ್ ಹೀಟರ್ ಹಾಕಿಸಬೇಕೆ, ಮನೆಯೊಳಗಿಂದಲೇ ಕಾರನ್ನು ಸ್ಟಾರ್ಟ್ ಮಾಡುವ ರಿಮೋಟ್ ಸ್ಟಾರ್ಟ್ ಸಾಕೆ. ಇವುಗಳಿಗೆ ಉತ್ತರ ಹೇಳುವಾಗ ನಾನು ಒಂದೇ ಅಳತೆಗೋಲನ್ನು ಹಿಡಿಯುತ್ತೇನೆ. ಕಾರು ಹಿಮದಲ್ಲಿ ಹೊರಡುತ್ತದೆಯೇ ಎನ್ನುವುದಕ್ಕಿಂತ, ಮಂಜುಗಡ್ಡೆಯ ಮೇಲೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎನ್ನುವುದನ್ನು ನೋಡಿ ಹಣ ಖರ್ಚು ಮಾಡಬೇಕು.

ಮೂರು ಬಗೆಯ ಟೈರ್, ಒಂದು ಚಿಹ್ನೆ

ಟೈರಿನ ರಬ್ಬರ್ ತಣ್ಣಗಾದಂತೆ ಗಡುಸಾಗುತ್ತದೆ. ಬೇಸಿಗೆಯ ಟೈರುಗಳೂ ಸಾಮಾನ್ಯ ಆಲ್-ಸೀಸನ್ ಟೈರುಗಳೂ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಮ್ಮ ಹಿಡಿತವನ್ನು ಕಳೆದುಕೊಳ್ಳತೊಡಗುತ್ತವೆ. ಹಿಮ ಬೀಳುವವರೆಗೆ ಕಾಯಬೇಕಾಗಿಲ್ಲ, ಒಣ ರಸ್ತೆಯಲ್ಲಿಯೇ ವ್ಯತ್ಯಾಸ ಶುರುವಾಗಿರುತ್ತದೆ. ರಾತ್ರಿಯೆಲ್ಲ ಹೊರಗೆ ನಿಂತ ಎರಡು ಕಾರುಗಳ ಟೈರನ್ನು, ಒಂದು ಆಲ್-ಸೀಸನ್, ಇನ್ನೊಂದು ವಿಂಟರ್, ಬೆಳಿಗ್ಗೆ ಬರಿಗೈಯಲ್ಲಿ ಮುಟ್ಟಿ ನೋಡಿ. ಮೊದಲನೆಯದರ ಟ್ರೆಡ್ಡಿನ (ರಸ್ತೆಗೆ ತಾಗುವ ಮೈಯ) ಗಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅಲುಗುವುದಿಲ್ಲ. ಎರಡನೆಯದು ಉಗುರಿಗೆ ಸ್ವಲ್ಪ ಬಗ್ಗುತ್ತದೆ, ಅದರ ಮೈಮೇಲೆ ಬ್ಲೇಡಿನಿಂದ ಎಳೆದಂತಿರುವ ನೂರಾರು ಸಣ್ಣ ಸೀಳುಗಳು ಬಾಯಿಬಿಡುತ್ತವೆ. ಮಂಜುಗಡ್ಡೆಯ ಮೇಲೆ ಇರುವ ತೆಳುವಾದ ನೀರಿನ ಪೊರೆಯನ್ನು ಸರಿಸಿ, ಅದರ ಕೆಳಗಿನ ಗಟ್ಟಿ ಮೈಯನ್ನು ಕಚ್ಚಿ ಹಿಡಿಯುವುದು ಆ ಸೀಳುಗಳ ಅಂಚುಗಳೇ.

ಆಲ್-ಸೀಸನ್ ಟೈರಿನ ಪಕ್ಕೆಯಲ್ಲಿ ಸಾಮಾನ್ಯವಾಗಿ ಎಂ ಮತ್ತು ಎಸ್ ಎಂಬ ಎರಡು ಅಕ್ಷರಗಳಿರುತ್ತವೆ, ಅಂದರೆ ಕೆಸರು ಮತ್ತು ಹಿಮ. ಆ ಅಕ್ಷರಗಳು ಟ್ರೆಡ್ಡಿನ ವಿನ್ಯಾಸವನ್ನು ಹೇಳುತ್ತವೆಯೇ ಹೊರತು ಹಿಮದ ಮೇಲೆ ಪರೀಕ್ಷೆ ಮಾಡಿ ಕೊಟ್ಟ ಮುದ್ರೆಯಲ್ಲ. ನೀವು ಹುಡುಕಬೇಕಾದದ್ದು ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳು ಇರುವ ಚಿಹ್ನೆ. ಒತ್ತಿ ಗಟ್ಟಿಯಾದ ಹಿಮದ ಮೇಲೆ ಒಂದು ನಿಗದಿತ ಮಾದರಿ ಟೈರಿಗಿಂತ ಕನಿಷ್ಠ 10 ಪ್ರತಿಶತ ಹೆಚ್ಚು ಎಳೆತ ತೋರಿಸಿದ ಟೈರಿಗೆ ಮಾತ್ರ ಅದು ಸಿಗುತ್ತದೆ. ಆದರೆ ಆ ಪರೀಕ್ಷೆ ಹಿಮದ ಮೇಲಿನ ಎಳೆತದ್ದು; ಮಂಜುಗಡ್ಡೆಯ ಮೇಲೆ ನಿಲ್ಲುವ ಪರೀಕ್ಷೆ ಅದರಲ್ಲಿಲ್ಲ. ಈ ಮಾತು ಮುಂದಿನ ಹೋಲಿಕೆಗೆಲ್ಲ ಮುಖ್ಯವಾಗುತ್ತದೆ, ಏಕೆಂದರೆ ಆ ಚಿಹ್ನೆ ಎರಡು ಬೇರೆ ಬೇರೆ ಜಾತಿಯ ಟೈರುಗಳ ಮೇಲೆ ಇರುತ್ತದೆ.

ಒಂದು, ಅಪ್ಪಟ ವಿಂಟರ್ ಟೈರ್. ಇನ್ನೊಂದು, ಆಲ್-ವೆದರ್ ಎಂದು ಕರೆಯುವ, ವರ್ಷವಿಡೀ ಬಿಚ್ಚದೆ ಓಡಿಸಬಹುದಾದ ಟೈರ್. ಆಲ್-ಸೀಸನ್ ಮತ್ತು ಆಲ್-ವೆದರ್ ಎರಡೂ ಕಿವಿಗೆ ಒಂದೇ ಎನಿಸಿದರೂ ಅಂಗಡಿಯಲ್ಲಿ ಅವುಗಳ ನಡುವೆ ಎಚ್ಚರದಿಂದ ಆರಿಸಬೇಕು; ಹೆಸರನ್ನು ಮರೆತು ಚಿಹ್ನೆಯನ್ನು ಕಣ್ಣಾರೆ ನೋಡುವುದೇ ಸರಿಯಾದ ದಾರಿ. ಆಲ್-ವೆದರ್ ಟೈರಿನ ರಬ್ಬರ್ ಜುಲೈ ತಿಂಗಳ 30 ಡಿಗ್ರಿ ಬಿಸಿಲನ್ನೂ ತಡೆಯಬೇಕು, ಜನವರಿಯ ಚಳಿಯನ್ನೂ ತಡೆಯಬೇಕು. ಹಾಗಾಗಿ ಅದು ವಿಂಟರ್ ಟೈರಿನಷ್ಟು ಮೆತ್ತಗಿರಲು ಸಾಧ್ಯವಿಲ್ಲ. ಕರಗಿದ ಹಿಮದ ರೊಚ್ಚೆಯಲ್ಲಿ, ಹೊಸದಾಗಿ ಬಿದ್ದ ನಾಲ್ಕೈದು ಸೆಂಟಿಮೀಟರ್ ಹಿಮದಲ್ಲಿ, ತಣ್ಣನೆಯ ಮಳೆಯಲ್ಲಿ ಅದು ನಿಜಕ್ಕೂ ಚೆನ್ನಾಗಿ ನಡೆದುಕೊಳ್ಳುತ್ತದೆ. ಹೊಳೆಯುವ ಮಂಜುಗಡ್ಡೆಯ ಮೇಲೆ, ಮತ್ತು ತಾಪಮಾನ ಮೈನಸ್ 15ರ ಕೆಳಗೆ ಇಳಿದಾಗ, ಒಳ್ಳೆಯ ವಿಂಟರ್ ಟೈರ್ ಅದಕ್ಕಿಂತ ಬೇಗ ನಿಲ್ಲುತ್ತದೆ.

ಮೊಳೆ ಹೊಡೆದ ಟೈರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂಟಾರಿಯೊದಲ್ಲಿ ಅವುಗಳಿಗೆ ಅನುಮತಿ ಇರುವುದು ಉತ್ತರ ಭಾಗದ ನಿವಾಸಿಗಳಿಗೆ ಮಾತ್ರ. ದಕ್ಷಿಣದ ಊರುಗಳಲ್ಲಿರುವ ನಮಗೆ ಆ ಆಯ್ಕೆ ಇಲ್ಲವೇ ಇಲ್ಲ.

ಯಾರಿಗೆ ಯಾವುದು

ಟೊರೊಂಟೊದ ಜನವರಿಯ ಸರಾಸರಿ ತಾಪಮಾನ ಸೊನ್ನೆಗಿಂತ ನಾಲ್ಕೈದು ಡಿಗ್ರಿಯಷ್ಟೇ ಕೆಳಗೆ. ವಿನ್ನಿಪೆಗ್‌ನದು ಮೈನಸ್ 16ರ ಆಸುಪಾಸು. ಇದನ್ನು ಕೇಳಿ ಟೊರೊಂಟೊದ ರಸ್ತೆ ಸುಲಭವೆಂದು ಭಾವಿಸುವುದು ತಪ್ಪು. ಮಂಜುಗಡ್ಡೆ ಅತಿ ಹೆಚ್ಚು ಜಾರುವುದು ಸೊನ್ನೆಯ ಹತ್ತಿರ, ಅದರ ಮೈ ಒದ್ದೆಯಾಗಿರುವಾಗ. ಮೈನಸ್ 25ರಲ್ಲಿ ಅದೇ ಗಡ್ಡೆ ಒಣಗಿ ಸ್ವಲ್ಪ ಒರಟಾಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ದಿನಗಳು ಸರೋವರದ ದಡದ ಊರುಗಳಲ್ಲಿ ಬಹಳ. ರಸ್ತೆಗೆ ಎರಚುವ ಉಪ್ಪು ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮೈನಸ್ 12ರ ಕೆಳಗೆ ಅದರ ಶಕ್ತಿಯೂ ಕುಂದುತ್ತದೆ. ಅದೂ ಅಲ್ಲದೆ ಒಳರಸ್ತೆಗಳಿಗೆ, ಸೇತುವೆಗಳಿಗೆ, ಅಪಾರ್ಟ್‌ಮೆಂಟ್ ಗ್ಯಾರೇಜಿನಿಂದ ಮೇಲೆ ಬರುವ ಏರಿಗೆ ಉಪ್ಪಿನ ಲಾರಿ ಬರುವ ಮೊದಲೇ ನೀವು ಹೊರಟಿರುತ್ತೀರಿ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ವಾರದಲ್ಲಿ ಬಹುಪಾಲು ಮನೆಯಿಂದಲೇ ಕೆಲಸ ಮಾಡುವ, ಟೊರೊಂಟೊ ಅಥವಾ ಮಿಸ್ಸಿಸ್ಸಾಗದ ಒಳಗಷ್ಟೇ ಓಡಾಡುವ, ಹಿಮಗಾಳಿಯ ದಿನ ಹೊರಡದೆ ಇರಬಲ್ಲ, ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಟೈರ್ ಇಡಲು ಜಾಗವಿಲ್ಲದ ಕುಟುಂಬಕ್ಕೆ ಆಲ್-ವೆದರ್ ಟೈರ್ ತಕ್ಕ ಆಯ್ಕೆ. ಆಸ್ಪತ್ರೆಯ ಪಾಳಿಗೋ ಗೋದಾಮಿನ ಕೆಲಸಕ್ಕೋ ಬೆಳಗಿನ ಜಾವ ಐದಕ್ಕೆ 401 ಅಥವಾ 400 ಹೆದ್ದಾರಿ ಹತ್ತಲೇಬೇಕಾದವರಿಗೆ ನಾನು ವಿಂಟರ್ ಟೈರನ್ನೇ ಹೇಳುತ್ತೇನೆ, ಸಾಲ ಮಾಡಿಯಾದರೂ. ಬ್ಯಾರಿ, ಲಂಡನ್, ಓವೆನ್ ಸೌಂಡ್ ಕಡೆಯವರಿಗೂ ಅಷ್ಟೇ: ಹ್ಯೂರಾನ್ ಸರೋವರ ಮತ್ತು ಜಾರ್ಜಿಯನ್ ಕೊಲ್ಲಿಯ ಇನ್ನೂ ಬೆಚ್ಚಗಿರುವ ನೀರಿನ ಮೇಲೆ ಹಾದುಬರುವ ಶೀತಗಾಳಿ ಅಲ್ಲಿನ ತೇವವನ್ನೆಲ್ಲ ಹೀರಿ, ದಡ ಸೇರುತ್ತಲೇ ಹಿಮವಾಗಿ ಸುರಿಯುತ್ತದೆ, ಬಿಸಿಲಿದ್ದ ಹೆದ್ದಾರಿ ಹತ್ತು ನಿಮಿಷದಲ್ಲಿ ಬಿಳಿಗೋಡೆಯಾಗುವುದನ್ನು ಆ ಭಾಗದಲ್ಲಿ ಓಡಿಸಿದವರೆಲ್ಲ ಕಂಡಿರುತ್ತಾರೆ. ಆಟವಾದವರು ಈ ಪ್ರಶ್ನೆಯನ್ನೇ ಕೇಳಬೇಕಾಗಿಲ್ಲ, ಅವರಿಗೆ ವಿಂಟರ್ ಟೈರ್. ಬರಿಯ ಆಲ್-ಸೀಸನ್ ಟೈರಿನಲ್ಲಿ ಚಳಿಗಾಲ ಕಳೆಯುವುದನ್ನು ನಾನು ಯಾರಿಗೂ ಹೇಳಲಾರೆ.

ಕಾನೂನಿನ ಮಾತು ಬೇರೆ. ಕ್ವಿಬೆಕ್‌ನಲ್ಲಿ ನೋಂದಾಯಿಸಿದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ 2016ರಿಂದ ಇಲ್ಲಿನ ವಿಮಾ ಕಂಪನಿಗಳೆಲ್ಲ ವಿಂಟರ್ ಟೈರ್ ಹಾಕಿಸಿಕೊಂಡವರಿಗೆ ರಿಯಾಯಿತಿ ಕೊಡಲೇಬೇಕು. ಆಲ್-ವೆದರ್ ಟೈರಿಗೂ ಆ ರಿಯಾಯಿತಿ ಅನ್ವಯಿಸುತ್ತದೆಯೇ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ, ಟೈರ್ ಕೊಳ್ಳುವ ಮೊದಲೇ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆದುಕೊಳ್ಳಿ.

ಆಲ್-ವೀಲ್ ಡ್ರೈವ್ ಇದ್ದರೆ ಸಾಲದೆ

ಸಾಲದು. ಇದನ್ನು ಇಷ್ಟು ಖಂಡಿತವಾಗಿ ಹೇಳಲು ಕಾರಣವಿದೆ. ಕಾರು ದೊಡ್ಡದಿರಲಿ ಚಿಕ್ಕದಿರಲಿ, ಅದು ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ರಬ್ಬರಿನಿಂದ ಮಾತ್ರ. ಆಲ್-ವೀಲ್ ಡ್ರೈವ್ ಎಂಜಿನ್ನಿನ ಶಕ್ತಿಯನ್ನು ಆ ನಾಲ್ಕಕ್ಕೂ ಹಂಚುತ್ತದೆ, ಹಾಗಾಗಿ ಹಿಮ ತುಂಬಿದ ಏರಿನಲ್ಲಿ ಹೊರಡುವುದು ಬಹಳ ಸುಲಭ. ಬ್ರೇಕ್ ಹಾಕುವ ಗಳಿಗೆಯಲ್ಲಿ ಅದಕ್ಕೆ ಮಾಡುವ ಕೆಲಸವೇನೂ ಇಲ್ಲ. ಯಾವ ಕಾರಿನಲ್ಲಿಯಾದರೂ ಬ್ರೇಕ್ ನಾಲ್ಕೂ ಚಕ್ರಗಳಿಗೆ ಇದ್ದೇ ಇರುತ್ತದೆ. ತಿರುವಿನಲ್ಲಿಯೂ ಕಾರನ್ನು ದಾರಿಯಲ್ಲಿ ಹಿಡಿದಿಡುವುದು ರಬ್ಬರೇ. ಆಲ್-ವೀಲ್ ಡ್ರೈವ್ ಇರುವ ಭಾರದ ಎಸ್‌ಯುವಿ ಗಡುಸಾದ ಟೈರಿನ ಮೇಲೆ ನಿರಾಯಾಸವಾಗಿ ವೇಗ ಹಿಡಿಯುತ್ತದೆ, ಓಡಿಸುವವರಿಗೆ ರಸ್ತೆ ಜಾರುತ್ತಿದೆ ಎನ್ನುವ ಸೂಚನೆಯನ್ನೇ ಕೊಡುವುದಿಲ್ಲ, ಬ್ರೇಕ್ ಒತ್ತಿದಾಗಲೇ ಗೊತ್ತಾಗುತ್ತದೆ. ಒಳ್ಳೆಯ ವಿಂಟರ್ ಟೈರ್ ಹಾಕಿದ, ಮುಂದಿನ ಎರಡೇ ಚಕ್ರ ಎಳೆಯುವ ಸಾಮಾನ್ಯ ಸೆಡಾನ್ ಮತ್ತು ಆಲ್-ಸೀಸನ್ ಟೈರಿನ ದುಬಾರಿ ಎಸ್‌ಯುವಿ, ಇವೆರಡರಲ್ಲಿ ನನ್ನ ಮಕ್ಕಳನ್ನು ಕೂರಿಸಿಕೊಂಡು ಹೋಗಲು ನಾನು ಸೆಡಾನನ್ನೇ ಆರಿಸುತ್ತೇನೆ. ಎರಡೂ ಇದ್ದರೆ ಸಂತೋಷ. ಹಣ ಒಂದಕ್ಕೇ ಸಾಲುವುದಾದರೆ ಟೈರಿಗೆ.

ಇಲ್ಲಿ ನಮ್ಮ ಘಟ್ಟದ ರೂಢಿಯೊಂದನ್ನು ಹೇಳಬೇಕು. ಆಗುಂಬೆ, ಶಿರಾಡಿ, ಚಾರ್ಮಾಡಿಯಲ್ಲಿ ಗಾಡಿ ಓಡಿಸಿ ಬಂದವರಿಗೆ ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಗೇರ್ ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ಬರುವುದು ಅಭ್ಯಾಸವಾಗಿರುತ್ತದೆ, ಮತ್ತು ಅದು ಇಲ್ಲಿಯೂ ಒಳ್ಳೆಯ ಅಭ್ಯಾಸವೇ. ಆದರೆ ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮೊದಲೇ, ವೇಗ ಕಡಿಮೆ ಇರುವಾಗಲೇ ಆಗಬೇಕು. ಮಂಜುಗಡ್ಡೆಯ ಮೇಲೆ ಒಮ್ಮೆಲೇ ಗೇರ್ ಇಳಿಸಿದರೆ ಎಳೆಯುವ ಚಕ್ರಗಳು ರಸ್ತೆಯ ವೇಗಕ್ಕೆ ಹೊಂದದೆ ತಾವೇ ಜಾರತೊಡಗುತ್ತವೆ, ಮತ್ತು ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಆ ಜಾರುವಿಕೆಯನ್ನು ತಡೆಯುವುದಿಲ್ಲ.

ಎರಡು ಸಾಕೆ, ರಿಮ್ ಬೇಕೆ

ಮೊದಲ ವರ್ಷದ ಆ ಘಟನೆಯ ನಂತರ ನಾನು ಹೋದ ಒಂದು ಅಂಗಡಿಯಲ್ಲಿ, ಹಣ ಉಳಿಸುವುದಿದ್ದರೆ ಮುಂದಿನ ಎರಡಕ್ಕೆ ಮಾತ್ರ ವಿಂಟರ್ ಟೈರ್ ಹಾಕಿಸಿ ಎಂದು ಸಲಹೆ ಕೊಟ್ಟರು. ಅದು ಅಪಾಯದ ಸಲಹೆ. ಮುಂದಿನ ಚಕ್ರಗಳು ಹಿಡಿದು ಹಿಂದಿನವು ಜಾರಿದರೆ, ತಿರುವಿನಲ್ಲಿ ಬ್ರೇಕ್ ಮುಟ್ಟಿದೊಡನೆ ಕಾರಿನ ಹಿಂಭಾಗ ಬೀಸಿ ಬಂದು ಗಾಡಿ ಗಿರ್ರನೆ ತಿರುಗುತ್ತದೆ. ಹಿಂದೆ ಮಾತ್ರ ಹಾಕಿಸಿದರೆ ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ. ನಾಲ್ಕೂ ಒಂದೇ ಬಗೆಯ, ಒಂದೇ ಮಟ್ಟಕ್ಕೆ ಸವೆದ ಟೈರುಗಳಾಗಿರಬೇಕು. ಇದರಲ್ಲಿ ರಾಜಿ ಇಲ್ಲ.

ಇರುವ ರಿಮ್ಮಿಗೇ ವರ್ಷಕ್ಕೆ ಎರಡು ಸಲ ಟೈರ್ ಬಿಚ್ಚಿ ಹಾಕಿಸುವುದೋ, ವಿಂಟರ್ ಟೈರಿಗೆಂದೇ ಬೇರೆ ಉಕ್ಕಿನ ರಿಮ್ ಕೊಳ್ಳುವುದೋ ಎಂಬುದು ಹಣದ ಲೆಕ್ಕದಂತೆ ಕಂಡರೂ ಟೈರಿನ ಆಯುಸ್ಸಿನ ಲೆಕ್ಕವೂ ಹೌದು. ಪ್ರತಿ ಸಲ ಬಿಚ್ಚಿ ಏರಿಸುವಾಗ ಟೈರಿನ ಅಂಚು ಎಳೆದಾಡಿ ಸವೆಯುತ್ತದೆ, ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಬೇಕು, ಮೊದಲ ಹಿಮದ ಮುನ್ಸೂಚನೆ ಬಂದ ವಾರ ಅಂಗಡಿಯಲ್ಲಿ ಸರದಿಯೇ ಸಿಗುವುದಿಲ್ಲ. ಬೇರೆ ರಿಮ್ ಇದ್ದರೆ ಜಾಕ್ ಏರಿಸಿ ಅರ್ಧ ದಿನದಲ್ಲಿ ನೀವೇ ಬದಲಿಸಬಹುದು. ಕಾರನ್ನು ಮೂರು ಚಳಿಗಾಲವಾದರೂ ಇಟ್ಟುಕೊಳ್ಳುವವರಿಗೆ ರಿಮ್ ಕೊಳ್ಳುವುದೇ ಲಾಭ. ಒಂದೇ ವರ್ಷದ ಲೀಸ್ ಉಳಿದಿರುವವರಿಗೆ ಅಲ್ಲ. ಬ್ರೇಕಿಗೆ ತಾಗದಂತೆ ಕೂರುವುದಾದರೆ ಒಂದು ಇಂಚು ಚಿಕ್ಕ ರಿಮ್ ಮತ್ತು ಅದಕ್ಕೆ ತಕ್ಕ ಎತ್ತರದ ಪಕ್ಕೆಯ ಟೈರ್ ಅಗ್ಗವೂ ಹೌದು, ಹಿಮದ ಕೆಳಗೆ ಅಡಗಿದ ಗುಂಡಿಗಳಿಗೆ ಗಟ್ಟಿಯೂ ಹೌದು. ಯಾರ ಕೈಯಿಂದ ಹಾಕಿಸಿದರೂ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ಬಿಗಿ ನೋಡಲೇಬೇಕು.

ಬಳಸಿದ ಟೈರ್ ಕೊಳ್ಳುವವರು ಪಕ್ಕೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ಓದಬೇಕು: 3522 ಎಂದಿದ್ದರೆ 2022ರ 35ನೇ ವಾರ ತಯಾರಾದದ್ದು. ಟ್ರೆಡ್ 4 ಮಿಲಿಮೀಟರಿನ ಹತ್ತಿರಕ್ಕೆ ಸವೆದ ಟೈರನ್ನು ಹಿಮದ ರಸ್ತೆಗೆ ಬಳಸಬಾರದೆಂದು ಕೆನಡಾದ ಸಾರಿಗೆ ಇಲಾಖೆಯೇ ಹೇಳುತ್ತದೆ. ಟ್ರೆಡ್ ಚೆನ್ನಾಗಿದ್ದರೂ ಆರೇಳು ವರ್ಷ ಹಳೆಯದಾದ ರಬ್ಬರ್ ತನ್ನ ಮೆತ್ತನೆಯ ಗುಣವನ್ನು ಕಳೆದುಕೊಂಡಿರುತ್ತದೆ, ಮತ್ತು ನೀವು ಹಣ ಕೊಡುತ್ತಿರುವುದು ಆ ಗುಣಕ್ಕೇ.

ಯಾವಾಗ ಹಾಕಿಸಬೇಕು ಎಂದು ಕೇಳಿದವರಿಗೆ ನಾನು ದೀಪಾವಳಿಯ ಹೊತ್ತಿಗೆ ಹಾಕಿಸಿ, ಯುಗಾದಿ ಕಳೆದು ಎರಡು ಮೂರು ವಾರದ ಮೇಲೆ ತೆಗೆಸಿ ಎನ್ನುತ್ತೇನೆ. ದಕ್ಷಿಣ ಒಂಟಾರಿಯೊಗೆ ಅದು ಸರಿಹೊಂದುತ್ತದೆ. ಆಟವಾದವರು ದೀಪಾವಳಿ ನವೆಂಬರಿಗೆ ಬಿದ್ದ ವರ್ಷ ವಿಜಯದಶಮಿಗೇ ಮುಗಿಸಿಕೊಳ್ಳುವುದು ಮೇಲು. ವಿಂಟರ್ ಟೈರನ್ನು ಬೇಸಿಗೆಯಲ್ಲಿ ಓಡಿಸಿದರೆ ಬೇಗ ಸವೆಯುವುದಷ್ಟೇ ಅಲ್ಲ, ಬಿಸಿ ರಸ್ತೆಯಲ್ಲಿ ನಿಲ್ಲುವ ದೂರವೂ ಹೆಚ್ಚುತ್ತದೆ. ತಾಪಮಾನ ಐದಾರು ಡಿಗ್ರಿ ಇಳಿದಂತೆಲ್ಲ ಟೈರಿನ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುವುದರಿಂದ, ಅಕ್ಟೋಬರಿನಲ್ಲಿ ತುಂಬಿಸಿದ ಗಾಳಿ ಜನವರಿಗೆ ಸಾಲುವುದಿಲ್ಲ ಎನ್ನುವುದನ್ನೂ ನೆನಪಿಡಿ.

ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲು

ಬ್ಯಾಟರಿ, ಬ್ಲಾಕ್ ಹೀಟರ್, ರಿಮೋಟ್ ಸ್ಟಾರ್ಟ್ ಈ ಮೂರರಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು. ಮೈನಸ್ 18ರಲ್ಲಿ ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿಯ ಶಕ್ತಿ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಗಟ್ಟಿಯಾದ ಎಣ್ಣೆಯಲ್ಲಿ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಬ್ಯಾಟರಿಯ ಮೇಲೆ ಸಿಸಿಎ ಎಂದು ಬರೆದಿರುವ ಅಂಕಿ, ಅದೇ ಮೈನಸ್ 18ರಲ್ಲಿ 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಎನ್ನುವುದರ ಅಳತೆ. ಬದಲಿಸುವಾಗ ಕಾರಿನ ಪುಸ್ತಕ ಹೇಳಿದ್ದಕ್ಕಿಂತ ಕಡಿಮೆಯದನ್ನು ತರಬೇಡಿ. ನಾಲ್ಕು ವರ್ಷ ದಾಟಿದ ಬ್ಯಾಟರಿಯನ್ನು ಅಕ್ಟೋಬರಿನಲ್ಲಿಯೇ ಪರೀಕ್ಷೆ ಮಾಡಿಸಿ. ಪೂರ್ತಿ ಇಳಿದುಹೋದ ಬ್ಯಾಟರಿಯೊಳಗಿನ ದ್ರವ ಹೆಪ್ಪುಗಟ್ಟಬಲ್ಲದು. ಹಾಗೆ ಉಬ್ಬಿದ ಬ್ಯಾಟರಿಗೆ ಜಂಪ್ ಕೊಡಲು ಹೋಗಬಾರದು, ಸಿಡಿಯುವ ಅಪಾಯವಿದೆ.

ಬ್ಲಾಕ್ ಹೀಟರ್ ಎಂದರೆ ಎಂಜಿನ್ನಿನೊಳಗಿನ ಕೂಲೆಂಟನ್ನು ಕರೆಂಟಿನಿಂದ ಬೆಚ್ಚಗಿಡುವ ಸಾಧನ. ವಿನ್ನಿಪೆಗ್, ಸಸ್ಕಟೂನ್, ಎಡ್ಮಂಟನ್‌ಗಳಲ್ಲಿ ಕಾರಿನ ಮೂತಿಯಿಂದ ಪ್ಲಗ್ಗಿನ ತಂತಿ ಜೋಲಾಡುವುದು ಸಾಮಾನ್ಯ ನೋಟ, ಪಾರ್ಕಿಂಗ್ ಜಾಗಗಳಲ್ಲಿಯೇ ಪ್ಲಗ್ ಪಾಯಿಂಟುಗಳಿರುತ್ತವೆ. ಅಲ್ಲಿಗೆ ವರ್ಗವಾಗಿ ಹೋಗುವವರು ಯೋಚಿಸದೆ ಹಾಕಿಸಬೇಕು, ಮತ್ತು ರಾತ್ರಿಯಿಡೀ ಉರಿಸದೆ ಟೈಮರ್ ಇಟ್ಟು ಹೊರಡುವ ಮೊದಲಿನ ಎರಡರಿಂದ ನಾಲ್ಕು ಗಂಟೆ ಮಾತ್ರ ಉರಿಸಬೇಕು. ಟೊರೊಂಟೊದಲ್ಲಿ ಇದು ಅಗತ್ಯವಿಲ್ಲ. ಕಾರಿನ ಪುಸ್ತಕ ಒಪ್ಪುವ, ಚಳಿಯಲ್ಲಿಯೂ ಸರಾಗವಾಗಿ ಹರಿಯುವ 0ಡಬ್ಲ್ಯೂ ಅಥವಾ 5ಡಬ್ಲ್ಯೂ ಸಿಂಥೆಟಿಕ್ ಎಣ್ಣೆ ಮತ್ತು ಆರೋಗ್ಯವಾದ ಬ್ಯಾಟರಿ ಸಾಕು. ರಿಮೋಟ್ ಸ್ಟಾರ್ಟ್ ಕೊಡುವುದು ಸೌಕರ್ಯ, ಬೆಚ್ಚನೆಯ ಸೀಟು ಮತ್ತು ಕರಗಿದ ಗಾಜು. ಸ್ಟಾರ್ಟ್ ಆಗದ ಕಾರನ್ನು ಅದು ಸ್ಟಾರ್ಟ್ ಮಾಡಲಾರದು. ಮನೆಗೆ ಅಂಟಿಕೊಂಡ ಗ್ಯಾರೇಜಿನೊಳಗೆ, ಬಾಗಿಲು ತೆರೆದಿದ್ದರೂ, ಅದನ್ನು ಬಳಸಕೂಡದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಗೋಡೆಯ ಸಂದಿನಿಂದ ಮಲಗುವ ಕೋಣೆಗೆ ಸೇರುತ್ತದೆ. ಎಲೆಕ್ಟ್ರಿಕ್ ಕಾರಿನವರಿಗೆ ಈ ತೊಂದರೆಯಿಲ್ಲ. ಅವರು ಚಾರ್ಜರ್ ಸಿಕ್ಕಿಸಿರುವಾಗಲೇ ಕಾರನ್ನು ಬೆಚ್ಚಗೆ ಮಾಡಿಕೊಂಡರೆ ಆ ಕರೆಂಟು ಬ್ಯಾಟರಿಯಿಂದ ಹೋಗದೆ ಗೋಡೆಯಿಂದ ಬರುತ್ತದೆ. ಹೊಸ ಎಲೆಕ್ಟ್ರಿಕ್ ಕಾರು ಆರಿಸುವವರು, ಹೊರಗಿನ ಗಾಳಿಯ ಶಾಖವನ್ನು ಎಳೆದು ಕಡಿಮೆ ಕರೆಂಟಿನಲ್ಲಿ ಕಾರನ್ನು ಬೆಚ್ಚಗಿಡುವ ಹೀಟ್ ಪಂಪ್ ಇರುವುದನ್ನೇ ನೋಡಿ.

ಗಾಜು, ನೀರು, ಡಿಕ್ಕಿ

ಊರಿನಲ್ಲಿ ವೈಪರಿನ ಟ್ಯಾಂಕಿಗೆ ನಲ್ಲಿ ನೀರು ತುಂಬಿಸಿ ರೂಢಿಯಾದವರು ಇಲ್ಲಿಯೂ ಹಾಗೆಯೇ ಮಾಡಿ ಡಿಸೆಂಬರಿನಲ್ಲಿ ಪೈಪು ಒಡೆಸಿಕೊಳ್ಳುತ್ತಾರೆ. ಮೈನಸ್ 40 ಎಂದು ಬರೆದಿರುವ ವಾಷರ್ ದ್ರವವನ್ನೇ ಹಾಕಿ, ಬೇಸಿಗೆಯ ಅಗ್ಗದ ದ್ರವದೊಂದಿಗೆ ಬೆರೆಸಬೇಡಿ. 401ರಲ್ಲಿ ಮುಂದಿನ ಲಾರಿಯ ಚಕ್ರದಿಂದ ಹಾರಿದ ಉಪ್ಪುನೀರು ಗಾಜಿನ ಮೇಲೆ ಒಣಗಿ ಬಿಳಿ ಪರದೆಯಾದಾಗ, ಎದುರಿಗೆ ಸೂರ್ಯನೂ ಇದ್ದರೆ, ಆ ದ್ರವವಿಲ್ಲದೆ ನೂರು ಅಡಿಯೂ ಓಡಿಸಲಾಗುವುದಿಲ್ಲ. ಹೆಪ್ಪುಗಟ್ಟಿದ ಗಾಜಿನ ಮೇಲೆ ಬಿಸಿನೀರು ಸುರಿಯಬಾರದು, ಗಾಜು ಸೀಳುತ್ತದೆ.

ಕೂಲೆಂಟಿನ ವಿಷಯದಲ್ಲಿ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. ಎಥಿಲೀನ್ ಗ್ಲೈಕಾಲ್ ಮತ್ತು ನೀರು ಸಮಸಮ ಬೆರೆತಾಗ ಮೈನಸ್ 37ರ ಸುಮಾರಿಗೆ ಹೆಪ್ಪುಗಟ್ಟುತ್ತದೆ, ಬರಿಯ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ. ಬೆರೆಸಿಯೇ ಮಾರುವ ಡಬ್ಬಿ ತಂದರೆ ಈ ಲೆಕ್ಕದ ಗೋಜಿಲ್ಲ.

ಡಿಕ್ಕಿಯಲ್ಲಿ ಇಡುವ ಸಾಮಾನುಗಳಿಗೆ ಅಂಗಡಿಯ ಸಿದ್ಧ ಕಿಟ್ ಕೊಳ್ಳುವುದಕ್ಕಿಂತ ಮನೆಯಿಂದಲೇ ಜೋಡಿಸಿಕೊಳ್ಳುವುದು ಮೇಲು. ಕಿಟ್ಟಿನೊಳಗಿನ ಸಲಿಕೆ ಆಟದ ಸಾಮಾನಿನಂತಿರುತ್ತದೆ, ಕಂಬಳಿಯ ಬದಲು ತೆಳು ಹಾಳೆಯಿರುತ್ತದೆ. ಮಡಿಸುವ ಗಟ್ಟಿ ಸಲಿಕೆ, ಉಣ್ಣೆಯ ಕಂಬಳಿ, ಮನೆಯವರೆಲ್ಲರಿಗೂ ಒಂದೊಂದು ಜೊತೆ ಒಣ ಕಾಲುಚೀಲ ಮತ್ತು ಕೈಗವಸು, ಟಾರ್ಚು, ಜಂಪರ್ ಕೇಬಲ್ ಅಥವಾ ಸಣ್ಣ ಜಂಪ್ ಸ್ಟಾರ್ಟರ್, ಚಕ್ರದ ಕೆಳಗೆ ಸುರಿಯಲು ಒಂದು ಚೀಲ ಮರಳು. ಜಂಪ್ ಸ್ಟಾರ್ಟರನ್ನು ರಾತ್ರಿ ಮನೆಯೊಳಗೆ ತಂದಿಡಿ, ಚಳಿಗೆ ಅದರ ಬ್ಯಾಟರಿಯೂ ಸೊರಗುತ್ತದೆ. ತಿನ್ನಲು ನಾವು ಚಿಕ್ಕಿ ಮತ್ತು ಹುರಿಗಡಲೆ ಇಟ್ಟಿರುತ್ತೇವೆ, ಅವು ಗಡ್ಡೆಗಟ್ಟಿ ಕೆಡುವುದಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದು ಎಂಜಿನ್ ಉರಿಸುತ್ತ ಕಾಯಬೇಕಾಗಿ ಬಂದರೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಇಳಿದು ಹೋಗಿ ಹೊಗೆಕೊಳವೆಯ ಬಾಯಿಗೆ ಕಟ್ಟಿದ ಹಿಮವನ್ನು ಆ ಸಲಿಕೆಯಿಂದ ಬಿಡಿಸಿ, ಗಾಳಿಗೆ ಎದುರಲ್ಲದ ಕಡೆಯ ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿಕೊಂಡು, ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಉರಿಸಿ. ಹಿಮ ಸುರಿಯುತ್ತಲೇ ಇದ್ದರೆ ಪ್ರತಿ ಸಲವೂ ಉರಿಸುವ ಮೊದಲು ಮತ್ತೆ ಇಳಿದು ನೋಡಬೇಕು.